ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್: ಮಳೆಗಾಲದ ನೆಟ್ಟಿಗೆ ಯಾರ ಫೋಲ್ಡರ್ ಸೆಟ್ಟಿಂಗ್ ಒಗ್ಗುತ್ತದೆ?

ಶಿರಸಿಯ ಅಡಿಕೆ ಮಂಡಿಯ ಲೆಕ್ಕದ ಮೇಜಾಗಲಿ, ಕುಮಟೆಯಲ್ಲಿ ಮನೆ ಪ್ಲ್ಯಾನ್ ಬರೆಯುವವರಾಗಲಿ, ಗೋಕರ್ಣದ ನಾಲ್ಕು ಕೋಣೆಯ ಹೋಂಸ್ಟೇ ಆಗಲಿ, ಫೈಲ್‌ಗಳನ್ನು ನೆಟ್ಟಿನಲ್ಲಿ ಇಡುವ ಈ ಮೂರು ಸೇವೆಗಳಲ್ಲಿ ಗೂಗಲ್ ಡ್ರೈವ್ ಹಾಕಿಕೊಳ್ಳಿ, ತೆರೆದ ಫೈಲ್ ಮಾತ್ರ ಕಂಪ್ಯೂಟರಿಗೆ ಇಳಿಸುವ 'ಸ್ಟ್ರೀಮ್' ಎಂದು ಇಟ್ಟುಕೊಳ್ಳಿ. 15 ಜಿಬಿ ಪುಕ್ಕಟೆ ಸಿಗುತ್ತದೆ ಎಂಬುದಕ್ಕಷ್ಟೇ ಈ ಮಾತಲ್ಲ. ಕಂಪ್ಯೂಟರಿನಲ್ಲಿ ನಿಮ್ಮ ಫೋಲ್ಡರ್ ಎಲ್ಲಿತ್ತೋ ಅದನ್ನು ಅಲ್ಲೇ ಇರಲು ಬಿಡುತ್ತದೆ. ಮೈಕ್ರೋಸಾಫ್ಟಿನ ಒನ್‌ಡ್ರೈವ್ ಬಿಡುವುದಿಲ್ಲ.

ಹೊಸ ವಿಂಡೋಸ್ ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋಗುವಷ್ಟರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಎಷ್ಟೋ ಸಲ ಬ್ಯಾಕಪ್‌ಗೆ ಸೇರಿಬಿಟ್ಟಿರುತ್ತವೆ. ಹೆಸರಿಗೆ ಬ್ಯಾಕಪ್ ಅಷ್ಟೇ. ನಕಲು ಹೋಗುವುದಲ್ಲ, ಫೋಲ್ಡರೇ ಬಿಡಾರ ಬದಲಿಸುತ್ತದೆ. ಸಿ ಡ್ರೈವಿನ ಯೂಸರ್ಸ್‌ನಲ್ಲಿ ನಿಮ್ಮ ಹೆಸರಿನ ಕೆಳಗಿದ್ದ ಡಾಕ್ಯುಮೆಂಟ್ಸ್ ಈಗ ಒನ್‌ಡ್ರೈವ್ ಎಂಬ ಫೋಲ್ಡರಿನ ಹೊಟ್ಟೆಯೊಳಗಿರುತ್ತದೆ. ಹಳೇ ಜಾಗದ ವಿಳಾಸ ಹಾಕಿಟ್ಟ ಸ್ಕ್ಯಾನರ್ ಸಾಫ್ಟ್‌ವೇರ್ ಪಹಣಿಯ ಪಿಡಿಎಫ್ ಅನ್ನು ಹಳೇ ಕಡೆಗೇ ಹಾಕುತ್ತದೆ, ನೀವು ಹುಡುಕುವುದು ಹೊಸ ಕಡೆ. ಫೈಲ್ ಕಳೆಯಿತು ಎಂಬ ದೂರುಗಳಲ್ಲಿ ಇಂಥವು ಕಡಿಮೆಯಲ್ಲ.

ಒನ್‌ಡ್ರೈವಿನ ಪುಕ್ಕಟೆ ಜಾಗ 5 ಜಿಬಿ. ಒಂದು ಮದುವೆಯ ಫೋಟೋಗಳನ್ನು ಡೆಸ್ಕ್‌ಟಾಪಿಗೆ ಸುರಿದರೆ ತುಂಬಿತು. ಆಮೇಲೆ ಏನೂ ಮೇಲೆ ಹೋಗುವುದಿಲ್ಲ. ಆಗ ಎಲ್ಲರೂ ಮಾಡುವ ತಪ್ಪು ಒಂದೇ: ಬ್ರೌಸರಿನಲ್ಲಿ ಒನ್‌ಡ್ರೈವ್ ತೆರೆದು, ಕಂಪ್ಯೂಟರಿನಲ್ಲಿ ಹೇಗೂ ಇದೆಯಲ್ಲ ಎಂದು ಅಲ್ಲಿಂದ ಅಳಿಸುವುದು. ಅಲ್ಲಿ ಅಳಿಸಿದರೆ ಇಲ್ಲಿಯೂ ಹೋಯಿತು. ವೆಬ್ಬಿನ ರೀಸೈಕಲ್ ಬಿನ್ನಿನಲ್ಲಿ ಹೆಚ್ಚೆಂದರೆ 30 ದಿನ ಇರುತ್ತದೆ, ಅಷ್ಟರೊಳಗೆ ಎಚ್ಚರಾದರೆ ಪುಣ್ಯ.

ಬಿಡಿಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ, ಹಿಂದುಮುಂದಾಗಬಾರದು. ಮೊದಲು ಒನ್‌ಡ್ರೈವ್ ಒಳಗಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರರ ಮೇಲೂ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಿ. ನೀಲಿ ಮೋಡದ ಗುರುತಿದ್ದ ಫೈಲ್‌ಗಳು ನಿಮ್ಮ ಬಳಿ ಇಲ್ಲವೇ ಇಲ್ಲ, ಬರೀ ಹೆಸರು. ಅವೆಲ್ಲ ಇಳಿದು, ತುಂಬಿದ ಹಸಿರು ವೃತ್ತದೊಳಗೆ ಬಿಳಿ ಟಿಕ್ ಬರುವ ತನಕ ಕಾಯಬೇಕು. ಆಷಾಢದ ನೆಟ್ಟಿನಲ್ಲಿ ಇದಕ್ಕೆ ಒಂದು ರಾತ್ರಿ ಹಿಡಿದರೂ ಹಿಡಿಯಿತು. ಆಮೇಲೆ ಟಾಸ್ಕ್‌ಬಾರಿನ ಮೋಡದ ಐಕಾನ್, ಗೇರ್, ಸೆಟ್ಟಿಂಗ್ಸ್, 'ಸಿಂಕ್ ಅಂಡ್ ಬ್ಯಾಕಪ್', 'ಮ್ಯಾನೇಜ್ ಬ್ಯಾಕಪ್'; ಅಲ್ಲಿ ಮೂರನ್ನೂ ಆಫ್ ಮಾಡಿ. ಫೈಲ್‌ಗಳನ್ನು ಎಲ್ಲಿಡಲಿ ಎಂದು ಕೇಳಿದರೆ ಕಂಪ್ಯೂಟರಿನಲ್ಲೇ ಎನ್ನಿ. ಕೇಳದಿದ್ದರೆ ಡೆಸ್ಕ್‌ಟಾಪ್ ಒಮ್ಮೆಲೇ ಖಾಲಿಯಾಗಿ, 'ವೇರ್ ಆರ್ ಮೈ ಫೈಲ್ಸ್' ಎಂಬ ಒಂದು ಶಾರ್ಟ್‌ಕಟ್ ಮಾತ್ರ ಉಳಿಯಬಹುದು. ಗಾಬರಿ ಬೇಡ, ಎಲ್ಲವೂ ಒನ್‌ಡ್ರೈವ್ ಫೋಲ್ಡರಿನಲ್ಲೇ ಇರುತ್ತದೆ. ಅಲ್ಲಿಂದ ಹಳೇ ಜಾಗಕ್ಕೆ ಕಾಪಿ ಮಾಡಿ, ಕಟ್ ಬೇಡ. ನಾಲ್ಕಾರು ಫೈಲ್ ತೆರೆದು ನೋಡಿದ ಮೇಲಷ್ಟೇ ಒನ್‌ಡ್ರೈವಿನದನ್ನು ಅಳಿಸಿ.

ಇದರ ಜೊತೆಗೆ, ಡಿಸ್ಕಿನ ಜಾಗವನ್ನು ತಾನಾಗಿ ತೆರವು ಮಾಡುವ ವಿಂಡೋಸಿನ ಸ್ಟೋರೇಜ್ ಸೆನ್ಸ್ ಬೇರೆ. ಇಷ್ಟು ದಿನ ತೆರೆಯದ ಫೈಲ್‌ಗಳನ್ನು ಮೋಡಕ್ಕೆ, ಅಂದರೆ ನೆಟ್ಟಿನ ಒನ್‌ಡ್ರೈವಿಗೆ, ಮರಳಿಸು ಎಂಬ ಸೆಟ್ಟಿಂಗ್ ಅದರಲ್ಲಿದೆ. ಅದು ಆನ್ ಇದ್ದರೆ ಹೋದ ವರ್ಷದ ಚಾಲಿ ಅಡಿಕೆಯ ಬಿಲ್ಲು, ಟವರೂ ಸತ್ತ ದಿನವೇ ಬೇಕಾಗಿ, ತೆರೆಯುವುದಿಲ್ಲ. 'ಆಲ್ವೇಸ್ ಕೀಪ್' ಗುರುತಿದ್ದವನ್ನು ಅದು ಮುಟ್ಟುವುದಿಲ್ಲ.

ಡ್ರಾಪ್‌ಬಾಕ್ಸ್ ಬಗ್ಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಫೋಲ್ಡರ್ ಆಯ್ಕೆಯಲ್ಲಿ ಮೂರರಲ್ಲಿ ಇದೇ ಅಚ್ಚುಕಟ್ಟು. ಸಿಂಕ್ ಎಂದರೆ ಕಂಪ್ಯೂಟರಿನ ಫೈಲನ್ನೂ ವೆಬ್ಬಿನ ಫೈಲನ್ನೂ ಒಂದೇ ತೆರ ಇಡುವುದು; 'ಸೆಲೆಕ್ಟಿವ್ ಸಿಂಕ್'ನಲ್ಲಿ ಟಿಕ್ ತೆಗೆದ ಫೋಲ್ಡರ್ ಈ ಕಂಪ್ಯೂಟರಿನಿಂದ ಹೋಗುತ್ತದೆ, ವೆಬ್ಬಿನಲ್ಲಿ ಉಳಿಯುತ್ತದೆ. ಒಂದೇ ರೂಟರಿಗೆ ಎರಡು ಕಂಪ್ಯೂಟರ್ ಇದ್ದರೆ, ಮೇಲೆ ಹೋದ ಫೈಲನ್ನು ಎರಡನೆಯದು ಮತ್ತೆ ನೆಟ್ಟಿನಿಂದ ಎಳೆಯದೆ ಪಕ್ಕದ ಕಂಪ್ಯೂಟರಿನಿಂದಲೇ ತೆಗೆದುಕೊಳ್ಳುತ್ತದೆ. ಆದರೆ ಪುಕ್ಕಟೆ 2 ಜಿಬಿ, ಮೂರೇ ಡಿವೈಸ್. ಬೇರೆಯವರು ಹಂಚಿದ ಫೋಲ್ಡರಿನ ತೂಕವೂ ನಿಮ್ಮ ಲೆಕ್ಕಕ್ಕೇ. ದುಡ್ಡು ಕೊಡುತ್ತೇವೆಂದರೂ 100 ಜಿಬಿಯ ಸಣ್ಣ ಪ್ಲ್ಯಾನ್ ಇಲ್ಲ, ನೇರ 2 ಟಿಬಿ. ಮಂಡಿಯ ಬಿಲ್ಲಿಗೆ ಅಷ್ಟು ಯಾಕೆ?

ಗೂಗಲ್ ಡ್ರೈವಿನಲ್ಲಿ ಎರಡೇ ದಾರಿ. 'ಮಿರರ್' ಎಂದರೆ ಮೈ ಡ್ರೈವ್ ಪೂರ್ತಿ ಕಂಪ್ಯೂಟರಿಗೆ ಇಳಿಯುತ್ತದೆ, ಒಂದು ಫೋಲ್ಡರ್ ಬೇಡವೆನ್ನಲು ಬರುವುದಿಲ್ಲ. 'ಸ್ಟ್ರೀಮ್' ಎಂದರೆ ಬೇರೆಯದೇ ಡ್ರೈವ್ ಅಕ್ಷರದಲ್ಲಿ ಎಲ್ಲವೂ ಕಾಣಿಸುತ್ತದೆ, ತೆರೆದದ್ದು ಮಾತ್ರ ಇಳಿಯುತ್ತದೆ. ಸ್ಟ್ರೀಮ್ ಇಟ್ಟು ಈ ಸಾಲಿನ ರಾಶಿ, ಚಾಲಿ, ಬೆಟ್ಟೆ ಅಡಿಕೆಯ ಫೋಲ್ಡರುಗಳಿಗೆ ಮಾತ್ರ ರೈಟ್ ಕ್ಲಿಕ್ ಮಾಡಿ, 'ಆಫ್‌ಲೈನ್ ಆಕ್ಸೆಸ್'ನಲ್ಲಿ 'ಅವೈಲಬಲ್ ಆಫ್‌ಲೈನ್' ಆರಿಸಿ. ಹಳೇ ಸಾಲಿನವು ಮೇಲೇ ಇರಲಿ. ಸಿ ಡ್ರೈವ್ ಸಣ್ಣದಿದ್ದರೆ, ಇಳಿದ ಫೈಲ್‌ಗಳು ತಾತ್ಕಾಲಿಕವಾಗಿ ಕೂರುವ ಕ್ಯಾಶ್ ಜಾಗವನ್ನು ಪ್ರಿಫರೆನ್ಸಸ್‌ನಲ್ಲಿ ಡಿ ಡ್ರೈವಿಗೆ ಬದಲಿಸಿ. ಇನ್ನೂ ಮೇಲೆ ಹೋಗದ ಫೈಲ್ ಆ ಕ್ಯಾಶಿನಲ್ಲೇ ಕೂತಿರುತ್ತದೆ. ಆದ್ದರಿಂದ ಕರೆಂಟು ಬಂದು ಅಪ್‌ಲೋಡ್ ಮುಗಿಯುವ ಮುಂಚೆ ಅಕೌಂಟ್ ಡಿಸ್ಕನೆಕ್ಟ್ ಮಾಡಬಾರದು.

ಕುಂದುಗಳು ಇದಕ್ಕೂ ಇವೆ. ಗೂಗಲ್ ಶೀಟ್ ಕಂಪ್ಯೂಟರಿನಲ್ಲಿ ಕಾಣುವುದು ಬರೀ ಕೊಂಡಿಯಾಗಿ, ಎಕ್ಸೆಲ್ಲೇ ವಾಸಿ. ಇತರರು ಹಂಚಿದ ಫೋಲ್ಡರ್ ಆ ಡ್ರೈವಿನಲ್ಲಿ ತಾನಾಗಿ ಬರುವುದಿಲ್ಲ, ವೆಬ್ಬಿನಲ್ಲಿ ಮೈ ಡ್ರೈವಿಗೆ ಶಾರ್ಟ್‌ಕಟ್ ಹಾಕಬೇಕು. 15 ಜಿಬಿ ಎಂಬುದು ಜಿಮೇಲ್, ಫೋಟೋಸ್ ಎಲ್ಲ ಸೇರಿ; ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ. ಫೋಲ್ಡರನ್ನು ಎಡಿಟರ್ ಎಂದು ಹಂಚಿದರೆ ಆತ ಇನ್ನೊಬ್ಬರಿಗೂ ಹಂಚಬಲ್ಲ. ಶೇರ್ ಕಿಟಕಿಯ ಗೇರ್ ಒತ್ತಿ, ಎಡಿಟರುಗಳು ಹಂಚಬಹುದು ಎಂಬ ಟಿಕ್ ತೆಗೆಯಿರಿ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಇದ್ದವರಿಗೆ ಒಂದು ಮಾತು. ಟ್ಯಾಲಿಪ್ರೈಮಿನ ಡೇಟಾ ಸಾಮಾನ್ಯವಾಗಿ ಯೂಸರ್ಸ್‌ನ ಪಬ್ಲಿಕ್ ಒಳಗಿರುತ್ತದೆ, ಡಾಕ್ಯುಮೆಂಟ್ಸ್‌ನಲ್ಲಲ್ಲ. ಹಾಗಾಗಿ ಒನ್‌ಡ್ರೈವಿನ ಬ್ಯಾಕಪ್ ಆನ್ ಇದ್ದರೂ ಲೆಕ್ಕ ಮೇಲೆ ಹೋಗಿರುವುದಿಲ್ಲ. ಹಾಗೆಂದು ಆ ಡೇಟಾ ಫೋಲ್ಡರನ್ನೇ ಈ ಮೂರು ಸೇವೆಗಳಲ್ಲಿ ಯಾವುದಕ್ಕೂ ಸರಿಸಬೇಡಿ. ಬರೆಯುತ್ತಿರುವ ಫೈಲನ್ನು ಸಿಂಕ್ ಎಳೆಯಹೋದರೆ ಡೇಟಾ ಕೆಡಬಹುದು. ಸಂಜೆ ಆಲ್ಟ್ ವೈ ಒತ್ತಿ, ಬ್ಯಾಕಪ್ ಆರಿಸಿ, ಅದರ ಜಾಗವನ್ನು ಮಾತ್ರ ಗೂಗಲ್ ಡ್ರೈವಿನ ಒಂದು ಫೋಲ್ಡರಿಗೆ ಕೊಡಿ.

ಆಫೀಸ್ ಚಂದಾ ಮೊದಲೇ ಇದ್ದು, ಅದರೊಂದಿಗೆ ಬಂದ ಜಾಗ ಬಳಸುವವರು ಒನ್‌ಡ್ರೈವೇ ಇಟ್ಟುಕೊಳ್ಳಲಿ. ಅದರಲ್ಲಿ ಮೆಚ್ಚುವಂಥದ್ದೊಂದಿದೆ: ಫೋನಿನ ಹಾಟ್‌ಸ್ಪಾಟನ್ನು ವಿಂಡೋಸಿನ ವೈಫೈ ಸೆಟ್ಟಿಂಗಿನಲ್ಲಿ 'ಮೀಟರ್ಡ್' (ಅಳೆದು ಬಳಸುವ ನೆಟ್) ಎಂದು ಗುರುತಿಸಿಟ್ಟರೆ ಸಿಂಕ್ ತಾನಾಗಿ ನಿಲ್ಲುತ್ತದೆ. ಗೂಗಲ್ ಡ್ರೈವಿನಲ್ಲಿ ಹಾಟ್‌ಸ್ಪಾಟ್ ಹಾಕಿದಾಗಲೆಲ್ಲ 'ಪಾಸ್ ಸಿಂಕಿಂಗ್' ನೀವೇ ಒತ್ತಬೇಕು.