ಮಿಯಾಟ ಮತ್ತು ಜಿಆರ್86: ದಿನನಿತ್ಯದ ಓಡಾಟಕ್ಕೆ ಎರಡನ್ನೂ ಓಡಿಸಿ ನೋಡಿದ ಮೇಲೆ

ನನ್ನದು ಮಾಜ್ದಾ ಎಂಎಕ್ಸ್-5, ಅಂದರೆ ಎಲ್ಲರೂ ಮಿಯಾಟ ಅಂತ ಕರೆಯುವ, ಬಟ್ಟೆಯ ಟಾಪ್ ತೆರೆಯಬಹುದಾದ ಎರಡೇ ಸೀಟಿನ ಪುಟ್ಟ ಕಾರು. ನನ್ನ ಭಾಮೈದನದು ಟೊಯೋಟ ಜಿಆರ್86, ಲೋಹದ ಛಾವಣಿ, ಹಿಂದೆ ಪುಟ್ಟ ಸೀಟು ಇರುವ ಕಾರು. ಇಬ್ಬರೂ ಇರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ನಾನು ಸನಿವೇಲ್‌ನಲ್ಲಿ, ಅವನು ಫ್ರೀಮಾಂಟ್‌ನಲ್ಲಿ. ಎರಡೂ ಮ್ಯಾನ್ಯುಯಲ್ ಗೇರ್, ಎರಡರಲ್ಲೂ ಎಂಜಿನ್ ಓಡಿಸುವುದು ಹಿಂದಿನ ಚಕ್ರಗಳನ್ನು, ಹೊಸದು ತಗೊಂಡರೆ ಎರಡೂ 30 ಸಾವಿರ ಡಾಲರ್ ಆಸುಪಾಸಿನಿಂದ ಶುರು. ಹಾಗಾಗಿ ಈ ಎರಡರ ಮಧ್ಯೆ ಒದ್ದಾಡುವವರು ಬಹಳ. ನಾವು ಕೀಲಿ ಅದಲು ಬದಲು ಮಾಡಿಕೊಂಡು ಆಫೀಸು, ದಿನಸಿ, ಮಗಳ ಸ್ಕೂಲು, ಏರ್‌ಪೋರ್ಟು, ಭಾನುವಾರದ ಘಾಟಿ ರಸ್ತೆ, ಎಲ್ಲಕ್ಕೂ ಓಡಿಸಿ ನೋಡಿದೆವು. ಟ್ರ್ಯಾಕಿನ ಲ್ಯಾಪ್ ಟೈಮ್ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ವಾರದ ಐದು ದಿನ ಕೆಲಸಕ್ಕೆ ಹೋಗಿ ಬರುವವನ ಲೆಕ್ಕ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಮಿಯಾಟ. ಭಾಮೈದ ಒಪ್ಪುವುದಿಲ್ಲ, ಅವನ ಕಡೆಯ ಮಾತೂ ಬರೆಯುತ್ತೇನೆ.

ಮೊದಲು ಅಂಕಿಗಳು, ಯಾಕೆಂದರೆ ಮಾತೆಲ್ಲ ಶುರುವಾಗುವುದೇ ಅಲ್ಲಿಂದ. 2019ರಿಂದ ಈಚೆಗಿನ ಮಿಯಾಟದಲ್ಲಿ 2 ಲೀಟರ್ ಎಂಜಿನ್, 181 ಹಾರ್ಸ್‌ಪವರ್. ಜಿಆರ್86ನಲ್ಲಿ 2.4 ಲೀಟರಿನ ಬಾಕ್ಸರ್ ಎಂಜಿನ್ (ಸಿಲಿಂಡರುಗಳು ಅಡ್ಡ ಮಲಗಿರುವಂಥದ್ದು), ಸುಬಾರು ಕಂಪನಿ ಮಾಡಿದ್ದು, 228 ಹಾರ್ಸ್‌ಪವರ್. "47 ಜಾಸ್ತಿ ಇದೆ ಭಾವ, ಇನ್ನೇನು ಬೇಕು" ಅಂತ ಅವನು. ಆದರೆ ಮಿಯಾಟದ ತೂಕ ಸುಮಾರು 1,060 ಕೆಜಿ, ಅವನದು ಸುಮಾರು 1,275. ಟನ್ನಿಗೆ ಲೆಕ್ಕ ಹಾಕಿದರೆ ನನ್ನದು 170 ಹಾರ್ಸ್‌ಪವರ್, ಅವನದು 179. ಅಷ್ಟೇ ವ್ಯತ್ಯಾಸ. ನಿಜವಾಗಿ ಗೊತ್ತಾಗುವುದು ಟಾರ್ಕ್‌ನಲ್ಲಿ, ಅಂದರೆ ಎಂಜಿನ್ ತಿರುಗಿಸುವ ಬಲದಲ್ಲಿ. ಅವನದಕ್ಕೆ 3,700 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗಲೇ) ಸುಮಾರು 250 ನ್ಯೂಟನ್ ಮೀಟರ್ ಸಿಗುತ್ತದೆ, ನನ್ನದು 205ಕ್ಕೆ ನಿಲ್ಲುತ್ತದೆ. ಫ್ರೀವೇಗೆ ಸೇರುವಾಗ, ಲಾರಿ ದಾಟುವಾಗ, ಗೇರ್ ಇಳಿಸದೆ ಸುಮ್ನೆ ಕಾಲೊತ್ತಿದರೂ ಜಿಆರ್86 ಹೋಗುತ್ತದೆ. ಮಿಯಾಟದಲ್ಲಿ ಒಂದು ಗೇರ್ ಇಳಿಸಲೇಬೇಕು.

ಆ ಗೇರ್ ಇಳಿಸುವ ಕೆಲಸವನ್ನೇ ನಾನು ಇಷ್ಟಪಡುವುದು. ಮಿಯಾಟದ ಗೇರ್ ಕೋಲು ಗಿಡ್ಡ, ಮಣಿಕಟ್ಟು ಅಲ್ಲಾಡಿಸಿದರೆ ಸಾಕು, ಹೊಸ ಬೀಗದಲ್ಲಿ ಕೀಲಿ ತಿರುಗಿದ ಹಾಗೆ ಟಕ್ ಅಂತ ಕೂರುತ್ತದೆ. ಕ್ಲಚ್ ಹಗುರ. ಬ್ರೇಕ್ ಮತ್ತು ಆಕ್ಸಿಲರೇಟರ್ ಪಕ್ಕಪಕ್ಕದಲ್ಲಿ ಎಷ್ಟು ಸರಿಯಾಗಿ ಇಟ್ಟಿದ್ದಾರೆ ಅಂದರೆ ಬ್ರೇಕ್ ಒತ್ತಿರುವ ಪಾದದ ಅಂಚಿನಲ್ಲೇ ಒಂದು ಸಲ ಆಕ್ಸಿಲರೇಟರ್ ತಟ್ಟಿ, ಎಂಜಿನ್ ವೇಗ ಏರಿಸಿ, ಮೂರರಿಂದ ಎರಡಕ್ಕೆ ಜರ್ಕ್ ಇಲ್ಲದೆ ಇಳಿಸಬಹುದು. ಇದನ್ನು ಕಲಿಯಲು ಘಾಟಿಗೇ ಹೋಗಬೇಕಿಲ್ಲ. ಊರೊಳಗಿನ ಮುಖ್ಯ ರಸ್ತೆ ಎಲ್ ಕಮಿನೊ ರಿಯಲ್‌ನ ಪ್ರತಿ ಕೆಂಪು ದೀಪದ ಹತ್ತಿರವೂ ಅಭ್ಯಾಸ ಮಾಡಬಹುದು. ಜಿಆರ್86ನ ಗೇರ್ ಕೂಡ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ, ಆದರೆ ಸ್ವಲ್ಪ ಗಟ್ಟಿ, ಬೆಳಿಗ್ಗೆ ತಣ್ಣಗಿರುವಾಗ ಎರಡನೇ ಗೇರ್‌ಗೆ ಹಾಕಲು ತುಸು ಜೋರು ಬೇಕು. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಕಳೆದ ಮೇಲೆ ಎಡಗಾಲಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಘಾಟಿ ರಸ್ತೆ. ಎರಡು ಕಾರುಗಳ ಗುಣ ಪೂರ್ತಿ ಬಿಚ್ಚಿಕೊಳ್ಳುವುದು ಇಲ್ಲೇ. ಸ್ಯಾನ್ ಹೋಸೆಯಿಂದ ಮೌಂಟ್ ಹ್ಯಾಮಿಲ್ಟನ್‌ಗೆ ಏರುವ ರಸ್ತೆ ಇದೆ, ತುದಿಯಲ್ಲಿ ಲಿಕ್ ವೀಕ್ಷಣಾಲಯ. ಆ ವೀಕ್ಷಣಾಲಯ 1888ರದ್ದು. ರಸ್ತೆ ಅದಕ್ಕಿಂತ ಹಳೆಯದು, 1876ರಲ್ಲೇ ಮಾಡಿದ್ದು. ವೀಕ್ಷಣಾಲಯ ಕಟ್ಟುವ ಸಾಮಾನೆಲ್ಲ ಕುದುರೆ ಗಾಡಿಯಲ್ಲಿ ಮೇಲೆ ಹೋಗಬೇಕಿತ್ತು, ಏರು ಜಾಸ್ತಿಯಾದರೆ ಕುದುರೆ ಎಳೆಯುವುದಿಲ್ಲ, ಹಾಗಾಗಿ ಏರನ್ನು 6.5 ಶೇಕಡಾದ ಒಳಗೇ ಇಟ್ಟು ಬೆಟ್ಟವನ್ನು ಸುತ್ತಿ ಸುತ್ತಿ ರಸ್ತೆ ಕಡಿದರು. ಅದರ ಫಲ ಇವತ್ತು ನಮಗೆ ಸಿಗುತ್ತಿದೆ: ನೇರ ಅಂತ ಹೇಳುವ ಜಾಗವೇ ಕಡಿಮೆ, ತಿರುವು ಮುಗಿಯುವ ಮೊದಲೇ ಮುಂದಿನ ತಿರುವು. ವರ್ಷದ ದಿನಕ್ಕೊಂದರಂತೆ 365 ತಿರುವು ಅಂತ ಇಲ್ಲಿಯವರು ಹೇಳುತ್ತಾರೆ. ರಸ್ತೆ ಕಿರಿದು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ಎದುರಿಗೆ ಸೈಕಲ್ಲಿನವರು ಬರುತ್ತಲೇ ಇರುತ್ತಾರೆ. ಗಂಟೆಗೆ 30, 35 ಮೈಲಿಗಿಂತ ಜಾಸ್ತಿ ಹೋಗುವ ಜಾಗ ಅಲ್ಲ.

ಆ 35 ಮೈಲಿಯಲ್ಲೇ ಮಿಯಾಟ ಜೀವ ತುಂಬಿಕೊಳ್ಳುತ್ತದೆ. ಎರಡನೇ ಗೇರ್, 4,000 ಆರ್‌ಪಿಎಂ ಮೇಲೆ, ಟಾಪ್ ತೆರೆದಿದೆ, ಎಂಜಿನ್ನಿನ ಸದ್ದು ಗುಡ್ಡಕ್ಕೆ ಬಡಿದು ವಾಪಸ್ ಕಿವಿಗೆ ಬರುತ್ತದೆ. ಸಸ್ಪೆನ್ಷನ್ ಮೃದು. ಸ್ಟೇರಿಂಗ್ ತಿರುಗಿಸಿದರೆ ಮೊದಲು ಗಾಡಿ ಒಂದು ಕಡೆ ವಾಲುತ್ತದೆ, ಆಮೇಲೆ ಟೈರು ಹಿಡಿದುಕೊಳ್ಳುತ್ತದೆ. ಈ ವಾಲುವಿಕೆಯನ್ನು ಬೈಯುವವರು ತುಂಬಾ ಜನ. ನನಗೆ ಅದು ಬೇಕು, ಯಾಕೆಂದರೆ ಟೈರಿನ ಮೇಲೆ ಎಷ್ಟು ಭಾರ ಬಿದ್ದಿದೆ ಅನ್ನುವುದನ್ನು ಬೆನ್ನಿಗೆ, ಸೊಂಟಕ್ಕೆ ಅದು ಹೇಳುತ್ತಾ ಇರುತ್ತದೆ. ಮೆಲ್ಲಗೆ ಹೋಗುವಾಗಲೂ ಹೇಳುತ್ತದೆ, ಗಮನಿಸಿ. ಜಿಆರ್86 ಅದೇ ತಿರುವಿನಲ್ಲಿ ಸಪಾಟಾಗಿ ಹೋಗುತ್ತದೆ. ಬಾಕ್ಸರ್ ಎಂಜಿನ್ ಚಪ್ಪಟೆಯಾಗಿ ಕೆಳಗೆ ಕೂತಿರುವುದರಿಂದ ಭಾರ ಕೆಳಗಿದೆ, ಮೂಗು ತಿರುಗಿಸಿದ ಕಡೆ ತಕ್ಷಣ ಹೋಗುತ್ತದೆ, ಸ್ಟೇರಿಂಗ್ ನನ್ನದಕ್ಕಿಂತ ನಿಖರ. ಇದು ಒಳ್ಳೆಯ ಕಾರು, ಬಹಳ ಒಳ್ಳೆಯ ಕಾರು. ಆದರೆ ಅದಕ್ಕೆ 35 ಮೈಲಿ ಸಾಲುವುದಿಲ್ಲ. ಅದು ಮಾತಾಡಲು ಶುರು ಮಾಡುವುದು 50ರ ಮೇಲೆ, ಮೌಂಟ್ ಹ್ಯಾಮಿಲ್ಟನ್‌ನಂಥ ರಸ್ತೆಯಲ್ಲಿ 50ರ ಮೇಲೆ ಹೋಗುವುದು ತಪ್ಪು, ನಮಗೂ ಅಪಾಯ, ಸೈಕಲ್ಲಿನವನಿಗೂ ಅಪಾಯ. ಎರಡೂ ಕಾರುಗಳಲ್ಲಿ ಎರಡನೇ ಗೇರ್ ಕೊನೆಯವರೆಗೆ ಎಳೆದರೆ 60 ಮೈಲಿ ಹತ್ತಿರ ಬರುತ್ತದೆ, ಅಂದರೆ ಗೇರಿನ ಲೆಕ್ಕ ಒಂದೇ. ಖುಷಿ ಎಷ್ಟು ಬೇಗ ಶುರುವಾಗುತ್ತದೆ ಅನ್ನುವುದು ಬೇರೆ.

ಹೈವೇ 9ರಲ್ಲಿ ಸಾರಟೋಗ ಕಡೆಯಿಂದ ಏರಿ, ಬೆಟ್ಟದ ನೆತ್ತಿಯ ಸ್ಕೈಲೈನ್ ರಸ್ತೆ ಹಿಡಿದು ಹೈವೇ 84ರ ಜಂಕ್ಷನ್‌ವರೆಗೆ ಹೋಗುವುದು ನಮ್ಮ ಇನ್ನೊಂದು ದಾರಿ. ಅಲ್ಲಿ ಆಲಿಸ್ ರೆಸ್ಟೋರೆಂಟ್ ಇದೆ, ಭಾನುವಾರ ಬೆಳಿಗ್ಗೆ ಬೈಕು, ಕಾರುಗಳ ಜಾತ್ರೆಯೇ ಸೇರುತ್ತದೆ. ರೆಡ್‌ವುಡ್ ಮರಗಳ ನೆರಳಿಗೆ ಹೋದ ಕೂಡಲೇ ಗಾಳಿ ತಣ್ಣಗಾಗುವುದು, ಸಮುದ್ರದ ಕಡೆ ಇಳಿದರೆ ನೀಲಗಿರಿ ಮರದ ವಾಸನೆ ಬರುವುದು, ಇವೆಲ್ಲ ಟಾಪ್ ತೆರೆದ ಕಾರಿನಲ್ಲಿ ಮಾತ್ರ ಸಿಗುತ್ತವೆ. ನೀಲಗಿರಿ ವಾಸನೆ ಬಂದರೆ ನನಗೆ ಕೋಲಾರದ ಕಡೆಯ ರಸ್ತೆ ನೆನಪಾಗುತ್ತದೆ. ಅವನ ಕಾರಿನಲ್ಲಿ ಕಿಟಕಿ ಇಳಿಸಿಕೊಂಡು ಹೋದೆ, ಅಷ್ಟು ಸಿಗಲಿಲ್ಲ. ಇನ್ನೊಂದು ವಿಷಯ, ಜಿಆರ್86 ಎಂಜಿನ್ ಸದ್ದಿನಲ್ಲಿ ಒಂದಿಷ್ಟನ್ನು ಸ್ಪೀಕರ್ ಮೂಲಕ ಸೇರಿಸುತ್ತದೆ. ಗೊತ್ತಾದ ಮೇಲೆ ನನಗೆ ಆ ಸದ್ದಿನ ಮೇಲೆ ಮನಸ್ಸು ನಿಲ್ಲಲಿಲ್ಲ.

ಸರಿ, ಭಾಮೈದನ ಸರದಿ. ಆಫೀಸಿಗೆ ಹೋಗುವ ದಾರಿ ಹೈವೇ 101. ಆ ಕಾಂಕ್ರೀಟು ರಸ್ತೆಯಲ್ಲಿ 65, 70 ಮೈಲಿಯಲ್ಲಿ ಮಿಯಾಟದ ಬಟ್ಟೆಯ ಟಾಪ್ ಒಳಗೆ ಗದ್ದಲ ತುಂಬಾ ಜಾಸ್ತಿ. ಬೆಳಿಗ್ಗೆ ಎಂಟೂವರೆ ಅಂದರೆ ಮೈಸೂರಿನಲ್ಲಿ ರಾತ್ರಿ ಊಟದ ಹೊತ್ತು, ಅಮ್ಮನಿಗೆ ಫೋನ್ ಮಾಡುವ ಸಮಯ. ಮಿಯಾಟದಿಂದ ಮಾಡಿದರೆ "ಏನೋ ಕೇಳಿಸ್ತಾ ಇಲ್ಲ, ಆಫೀಸಿಗೆ ಹೋಗಿ ಮಾಡು" ಅಂತ ಇಟ್ಟುಬಿಡುತ್ತಾರೆ. ಅವನ ಕಾರಿನಿಂದ ಮಾಡಿದಾಗ ಪೂರ್ತಿ ಮಾತಾಡಿದರು, ಪಕ್ಕದ ಮನೆ ಸುದ್ದಿಯೂ ಬಂತು. ಅವನದರಲ್ಲೂ ಟೈರಿನ ಸದ್ದು ಇದೆ, ರಸ್ತೆಯ ಗುಂಡಿ ಗಡಸಾಗಿ ತಾಗುತ್ತದೆ, ಆದರೂ ಲೋಹದ ಛಾವಣಿ ಛಾವಣಿಯೇ. ಬೇಸಿಗೆ ಮಧ್ಯಾಹ್ನ ಬಿಸಿಲಿಗೂ ಅದೇ ವಾಸಿ.

ದಿನಸಿಯ ವಿಷಯಕ್ಕೆ ಜನ ಹೆದರುವಷ್ಟು ಇಲ್ಲ. ಮಿಯಾಟದ ಡಿಕ್ಕಿ 130 ಲೀಟರ್. ಬಾಯಿ ಚಿಕ್ಕದು, ಆದರೆ ಆಳ ಇದೆ. 20 ಪೌಂಡಿನ ಸೋನಾ ಮಸೂರಿ ಚೀಲವನ್ನು ಅಡ್ಡ ಮಲಗಿಸಿ, ಅದರ ಪಕ್ಕ ಬೇಳೆ, ಎಣ್ಣೆ, ಮೇಲೆ ಸೊಪ್ಪು, ತೆಂಗಿನಕಾಯಿ ಇಟ್ಟರೆ ಒಂದು ವಾರದ ಸಾಮಾನು ಆರಾಮಾಗಿ ಹಿಡಿಯುತ್ತದೆ. ಎರಡು ಚೀಲ ಅಕ್ಕಿ ಬೇಕಾದರೆ ಎರಡನೆಯದು ಪಕ್ಕದ ಸೀಟಿಗೆ ಬರುತ್ತದೆ, ಅದಕ್ಕೆ ಬೆಲ್ಟ್ ಹಾಕದಿದ್ದರೆ ಕಾರು ಕೂಗಿಕೊಳ್ಳುತ್ತದೆ. ಒಳಗೆ ಮಾತ್ರ ನಿಜವಾದ ಕಷ್ಟ ಇದೆ. ಡ್ಯಾಶ್‌ಬೋರ್ಡಿನಲ್ಲಿ ಗ್ಲೋವ್ ಬಾಕ್ಸೇ ಇಲ್ಲ, ಇರುವ ಪೆಟ್ಟಿಗೆ ಎರಡು ಸೀಟುಗಳ ಬೆನ್ನಿನ ಮಧ್ಯೆ ಇದೆ. ಕಾಫಿ ಲೋಟದ ಜಾಗವೂ ಮೊಣಕೈ ಹಿಂದೆ, ಓಡಿಸುತ್ತಾ ತಗೊಳ್ಳುವುದು ಆಗದ ಮಾತು. ದಿನಾ ಬಳಸುವ ಕಾರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಏರ್‌ಪೋರ್ಟಿನ ಪರೀಕ್ಷೆಯಲ್ಲಿ ಜಿಆರ್86 ಪೂರ್ತಿ ಗೆದ್ದಿತು. ಅಪ್ಪ ಬಂದಾಗ 23 ಕೆಜಿಯ ಎರಡು ಸೂಟ್‌ಕೇಸ್ ಇತ್ತು. ಹಿಂದಿನ ಸೀಟಿನ ಬೆನ್ನು ಮಡಚಿದರೆ ಡಿಕ್ಕಿಯಿಂದ ಮುಂದಿನವರೆಗೆ ಒಂದೇ ಉದ್ದ ಜಾಗ, ಎರಡೂ ಒಳಗೆ ಹೋದವು. ಮಿಯಾಟಕ್ಕೆ ಅಂಥದ್ದು ಒಂದೂ ಹೋಗುವುದಿಲ್ಲ. ಆದರೆ ಅಪ್ಪನ ಮಂಡಿನೋವಿಗೆ ಎರಡೂ ಕಾರು ಒಂದೇ, ಎರಡೂ ನೆಲಕ್ಕೆ ಹತ್ತಿರ. ಕೂರುವುದು ಸುಲಭ, ಏಳುವಾಗ ಕೈ ಹಿಡಿಯಬೇಕು. ಮನೆಯಲ್ಲಿ ವಯಸ್ಸಾದವರು ದಿನಾ ಕಾರು ಹತ್ತುವವರಿದ್ದರೆ ಎರಡನ್ನೂ ಬಿಡಿ.

ಹಿಂದಿನ ಸೀಟು ಇದೆ ಅಂತ ಜಿಆರ್86 ತಗೊಳ್ಳುವವರಿಗೆ ಒಂದು ಮಾತು. ನನ್ನ ಮಗಳು ಒಂಬತ್ತು ವರ್ಷದವಳು, ಅವಳು ಕೂರಬೇಕಾದರೆ ಮುಂದಿನ ಸೀಟನ್ನು ಅರ್ಧಕ್ಕಿಂತ ಮುಂದೆ ಎಳೆಯಬೇಕು. ದೊಡ್ಡವರು ಕೂರುವಂತಿಲ್ಲ. ಸ್ಕೂಲಿನಿಂದ ಮನೆಗೆ ಸಾಕು, ದೂರದ ಸ್ಯಾಕ್ರಮೆಂಟೊವರೆಗೆ ಅಂದರೆ ಬೇಡ. ಅವಳಿಗೆ ಮಿಯಾಟವೇ ಇಷ್ಟ, ಮುಂದೆ ಕೂತು, ಟಾಪ್ ತೆಗೆದು, ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರಿಗೆ ಕೈ ಬೀಸುತ್ತಾ ಬರುತ್ತಾಳೆ. ಟಾಪ್ ತೆಗೆಯುವುದಕ್ಕೆ ಮೋಟರ್ ಇಲ್ಲ. ಕೊಂಡಿ ಬಿಚ್ಚಿ ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿದರೆ ಆಯಿತು, ದೀಪ ಹಸಿರಾಗುವ ಮೊದಲೇ ಮುಗಿಯುತ್ತದೆ.

ಟ್ರ್ಯಾಕ್ ಹುಚ್ಚು ಇದ್ದರೆ ಜಿಆರ್86 ತಗೊಳ್ಳಿ, ಚರ್ಚೆ ಬೇಡ. ಅಮೆರಿಕದಲ್ಲಿ ಹೊಸದಕ್ಕೆ ನಾಸಾ (ಬಾಹ್ಯಾಕಾಶದ್ದಲ್ಲ, ನ್ಯಾಷನಲ್ ಆಟೊ ಸ್ಪೋರ್ಟ್ ಅಸೋಸಿಯೇಷನ್) ಸಂಸ್ಥೆಯ ಒಂದು ವರ್ಷದ ಸದಸ್ಯತ್ವ ಮತ್ತು ಒಂದು ಟ್ರ್ಯಾಕ್ ದಿನ ಉಚಿತವಾಗಿ ಬರುತ್ತದೆ. ಸೀಟು ಮಡಚಿದರೆ ನಾಲ್ಕು ಚಕ್ರ, ಜಾಕು, ಹೆಲ್ಮೆಟ್ ಎಲ್ಲ ತುಂಬಿಕೊಂಡು ಲಗುನಾ ಸೆಕಾ ಟ್ರ್ಯಾಕಿಗೆ ಹೋಗಬಹುದು. ಟಾಪ್ ತೆರೆಯುವ ಕಾರಿಗೆ ಹಲವು ಆಯೋಜಕರು ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು) ಇಲ್ಲದೆ ಒಳಗೇ ಬಿಡುವುದಿಲ್ಲ. ಮಿಯಾಟಕ್ಕೆ ಅದು ಬೇರೆ ಖರ್ಚು.

ಪೆಟ್ರೋಲಿನಲ್ಲಿ ಮಿಯಾಟ ಮುಂದು. ಸರ್ಕಾರಿ ಲೆಕ್ಕದಲ್ಲಿ ಊರೊಳಗೆ ಗ್ಯಾಲನ್ನಿಗೆ 26 ಮೈಲಿ, ಹೈವೇಯಲ್ಲಿ 34. ಜಿಆರ್86 ಮ್ಯಾನ್ಯುಯಲ್‌ಗೆ ಸುಮಾರು 20 ಮತ್ತು 27. ಕ್ಯಾಲಿಫೋರ್ನಿಯಾದ ಪ್ರೀಮಿಯಂ ಪೆಟ್ರೋಲಿನ ಬೆಲೆಯಲ್ಲಿ ದಿನಾ ಓಡಿಸುವವರಿಗೆ ಇದು ತಿಂಗಳ ಕೊನೆಗೆ ಗೊತ್ತಾಗುತ್ತದೆ.

ಇದೇ ದುಡ್ಡಿಗೆ ಹಳೆಯ ಪೋರ್ಷೆ ಬಾಕ್‌ಸ್ಟರ್ ಯಾಕಾಗಬಾರದು ಅಂತ ಕೇಳುವವರಿದ್ದಾರೆ. ಗೆಳೆಯನೊಬ್ಬನ 987, ಅಂದರೆ ಬಾಕ್‌ಸ್ಟರಿನ ಎರಡನೇ ತಲೆಮಾರಿನದು, ಓಡಿಸಿದ್ದೇನೆ. ಆರು ಸಿಲಿಂಡರಿನ ಆ ಸದ್ದಿನ ಮುಂದೆ ನಮ್ಮ ಎರಡೂ ಕಾರು ಸಪ್ಪೆ, ಮುಂದೊಂದು ಹಿಂದೊಂದು ಡಿಕ್ಕಿ ಬೇರೆ. ಆದರೆ ಎಂಜಿನ್ ಸೀಟಿನ ಹಿಂದೆ ಹುದುಗಿದೆ, ಏನೇ ಕೆಲಸ ಬಂದರೂ ಬಿಚ್ಚುವುದಕ್ಕೇ ಅರ್ಧ ಕೂಲಿ ಹೋಗುತ್ತದೆ. ದಿನಾ ಆಫೀಸಿಗೆ ಹೋಗಲು ಅದೊಂದೇ ಕಾರು ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ. ತಗೊಳ್ಳುವವರು 2009 ಅಥವಾ ನಂತರದ್ದು ನೋಡಿ, ಮುರಿದು ಎಂಜಿನ್ನನ್ನೇ ಹಾಳು ಮಾಡುತ್ತದೆ ಅಂತ ಹೆಸರು ಕೆಡಿಸಿದ ಐಎಂಎಸ್ ಬೇರಿಂಗ್ ಆ ಎಂಜಿನ್‌ಗಳಲ್ಲಿ ಇಲ್ಲ. ಫೋರ್ಡ್ ಮಸ್ಟಾಂಗ್ ಬಾಡಿಗೆಗೆ ತಗೊಂಡು ಓಡಿಸಿದ್ದೆ, ಫ್ರೀವೇಗೆ ಚೆಂದ, ಘಾಟಿಗೆ ತುಂಬಾ ದೊಡ್ಡದು.

ಬೆಂಗಳೂರಿನ ಗೆಳೆಯರು ಕೇಳುತ್ತಲೇ ಇರುತ್ತಾರೆ, ಬೆಂಗಳೂರಿಗೆ ಯಾವುದು ಸರಿ ಅಂತ. ಎರಡೂ ಭಾರತದಲ್ಲಿ ಮಾರಾಟಕ್ಕಿಲ್ಲ. ಇದ್ದರೂ ಎರಡರ ಹೊಟ್ಟೆ ನೆಲದಿಂದ 130 ಮಿ.ಮೀ. ಆಸುಪಾಸು, ನಮ್ಮ ಹಂಪುಗಳಿಗೆ ಅದು ಸಾಲದು.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಇಷ್ಟು. ಮಿಯಾಟ ಆದರೆ 2019ರ ಮಾಡೆಲ್ ಅಥವಾ ಆಮೇಲಿನದು: ಎಂಜಿನ್ 7,500 ಆರ್‌ಪಿಎಂವರೆಗೆ ತಿರುಗುತ್ತದೆ, ಸ್ಟೇರಿಂಗನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಬಂದಿದ್ದೂ ಆ ವರ್ಷವೇ, ಎತ್ತರ ಇರುವವರಿಗೆ ಅದು ಬೇಕೇ ಬೇಕು. ಕ್ಲಬ್ ಮಾಡೆಲ್ ಸಿಕ್ಕರೆ ಬಿಲ್‌ಸ್ಟೈನ್ ಕಂಪನಿಯ ಶಾಕ್ ಅಬ್ಸಾರ್ಬರ್, ಲಿಮಿಟೆಡ್ ಸ್ಲಿಪ್ (ತಿರುವಿನಲ್ಲಿ ಒಂದು ಹಿಂದಿನ ಚಕ್ರ ಮಾತ್ರ ಸುಮ್ಮನೆ ತಿರುಗದಂತೆ ತಡೆಯುವಂಥದ್ದು) ಎರಡೂ ಸಿಗುತ್ತವೆ. ಟೊಯೋಟ ಆದರೆ 2022ಕ್ಕಿಂತ ಹಳೆಯ 2 ಲೀಟರಿನದ್ದು ಬೇಡ, 4,000 ಆರ್‌ಪಿಎಂ ಹತ್ತಿರ ಅದರ ಎಳೆತ ಒಮ್ಮೆ ಕುಸಿಯುತ್ತದೆ, ಊರೊಳಗೆ ಬೇಕಾಗುವುದು ಅದೇ ಜಾಗದಲ್ಲಿ. ಟೆಸ್ಟ್ ಡ್ರೈವಿಗೆ ಹೋದಾಗ ಸೇಲ್ಸ್‌ನವರು ಸಾಮಾನ್ಯವಾಗಿ ಫ್ರೀವೇಗೆ ಕರೆದುಕೊಂಡು ಹೋಗುತ್ತಾರೆ. ಹೋಗಿ, ಗದ್ದಲ ಎಷ್ಟಿದೆ ಅಂತ ಕಿವಿಗೆ ತಿಳಿಯಲಿ. ಆಮೇಲೆ ಪೇಜ್ ಮಿಲ್ ರೋಡ್‌ನಂಥ ಒಂದು ಏರುದಾರಿಗೆ ತಿರುಗಿಸಿಕೊಳ್ಳಿ, ಎರಡನೇ ಗೇರಿನಲ್ಲಿ 30 ಮೈಲಿ ಮೀರದೆ ಓಡಿಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.