ಬೀಟಲ್‌ನ ಮುಂದಿನ ಬ್ರೇಕ್ ಕಿಟ್: ಬೇರಿಂಗ್ ಚಿನ್ನ, ಶೂ ತಲೆನೋವು

ನನ್ನದು 1967ರ ಫೋಕ್ಸ್‌ವ್ಯಾಗನ್ ಬೀಟಲ್ 1300. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮುಂದಿನ ಎರಡು ಚಕ್ರಗಳಿಗೆ ಬೇಕಾದ್ದೆಲ್ಲ ಒಂದೇ ಡಬ್ಬದಲ್ಲಿ ಸಿಗುತ್ತದೆ ಅಂತ ಈ ಕಿಟ್ ತರಿಸಿದೆ. ಶೂ (ಡ್ರಮ್ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಕಮಾನು), ಸ್ಪ್ರಿಂಗ್, ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರ್, ಹೋಸ್, ಬೇರಿಂಗ್, ಗ್ರೀಸ್ ಸೀಲ್, ಗ್ರೀಸ್ ಕ್ಯಾಪ್ ಇವೆ. ಡಬ್ಬದ ಮೇಲೆ 'ಎಲ್ಲಾ ಬೀಟಲ್‌ಗೂ' ಅಂತ ಬರೆದಿದ್ದಾರೆ. ನಂಬಬೇಡಿ. ಇದರಲ್ಲಿರುವುದು ಟೇಪರ್ ರೋಲರ್ ಬೇರಿಂಗ್. ಅದು ಬಂದದ್ದು 1966ರ ಮಾಡೆಲ್‌ನಿಂದ, ಅದಕ್ಕೂ ಹಿಂದಿನವಕ್ಕೆ ಬಾಲ್ ಬೇರಿಂಗ್.

ಬೇರಿಂಗ್ ಮಾತ್ರ ಬಹಳ ಚೆನ್ನಾಗಿದೆ. ಈ ಕಾರಿನಲ್ಲಿ ಮುಂದಿನ ಹಬ್ಬೂ ಡ್ರಮ್ಮೂ ಒಂದೇ ತುಂಡು. ಬೇರಿಂಗ್ ಕಪ್, ಅಂದರೆ ಅದರ ಹೊರಬಳೆ, ಅದರೊಳಗೆ ಬಿಗಿಯಾಗಿ ಕೂತಿರುತ್ತದೆ. ಹಳೆಯದನ್ನು ಹಿತ್ತಾಳೆ ಪಂಚ್ ಇಟ್ಟು ಸುತ್ತಲೂ ಸ್ವಲ್ಪ ಸ್ವಲ್ಪ ತಟ್ಟಿ ತೆಗೆದೆ. ಹೊಸದು ಸೊಟ್ಟಗಾಗದೆ ಒಳಗೆ ಹೋಯಿತು. ತಳ ಮುಟ್ಟಿದಾಗ ಏಟಿನ ಸದ್ದೇ ಬದಲಾಗುತ್ತದೆ ಅಲ್ವಾ, ಅದು ಕೇಳಿಸಿತು. ಬೇರಿಂಗ್‌ನ ಪ್ಲೇ (ಒಳಗೆ ಹೊರಗೆ ಅಲುಗುವ ಸಡಿಲ) 0.03ರಿಂದ 0.12 ಮಿ.ಮೀ. ಒಳಗಿರಬೇಕು. ಡಯಲ್ ಗೇಜ್‌ನಲ್ಲಿ ಎರಡೂ ಕಡೆ ಸರಿಯಾಗಿ ಬಂತು. ಗೇಜ್ ಇಲ್ಲದವರು ನಟ್ ಹಿಂದಿನ ವಾಷರನ್ನು ಸ್ಕ್ರೂಡ್ರೈವರ್ ತುದಿಯಿಂದ ದೂಡಿ ನೋಡಿ, ಅದು ಸ್ವಲ್ಪವೇ ಜರುಗಬೇಕು. ಎಡಗಡೆ ನಟ್‌ನದು ಉಲ್ಟಾ ಥ್ರೆಡ್, ಜ್ಞಾಪಕ ಇರಲಿ.

ಗ್ರೀಸ್ ಕ್ಯಾಪ್ ನೋಡಿ ನಗು ಬಂತು. ಎರಡೂ ಒಂದೇ ಥರ! ಬೀಟಲ್‌ನಲ್ಲಿ ಸ್ಪೀಡೋಮೀಟರ್ ಕೇಬಲ್ ಎಡಗಡೆ ಸ್ಪಿಂಡಲ್ (ಚಕ್ರ ಕೂರುವ ಗೂಟ) ಒಳಗಿಂದ ಬಂದು ಕ್ಯಾಪಿನ ಚೌಕದ ತೂತಿನಲ್ಲಿ ಕೂರುತ್ತದೆ. ಚಕ್ರದ ಜೊತೆ ಕ್ಯಾಪ್ ತಿರುಗಿದರೇನೇ ಕೇಬಲ್ ತಿರುಗುವುದು. ತೂತಿಲ್ಲದ ಕ್ಯಾಪ್ ಹಾಕಿದರೆ ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ. ಹಳೆಯದನ್ನೇ ತೊಳೆದು ಹಾಕಿದೆ.

ಇನ್ನು ಶೂ. ಡ್ರಮ್ ಒಳಮೈಗೆ ಸೀಮೆಸುಣ್ಣ ಹಚ್ಚಿ ಒತ್ತಿ ನೋಡಿದರೆ ಲೈನಿಂಗ್‌ನ (ಶೂ ಮೇಲಿನ, ಡ್ರಮ್ಮಿಗೆ ಉಜ್ಜುವ ಪದರ) ನಡುವೆ ಮಾತ್ರ ಗುರುತು, ತುದಿಗಳು ತಾಗುತ್ತಲೇ ಇಲ್ಲ. ನನ್ನ ಡ್ರಮ್ಮಿನ ಒಳಮೈಯನ್ನು ಹಿಂದೆ ಲೇತ್‌ನಲ್ಲಿ ಕೆತ್ತಿಸಿ ಸ್ವಲ್ಪ ದೊಡ್ಡದಾಗಿದೆ, ಅದು ಕಿಟ್‌ನ ತಪ್ಪಲ್ಲ. ಆದರೆ ನಾಲ್ಕರಲ್ಲಿ ಒಂದು ಶೂವಿನ ಲೈನಿಂಗ್ ಕಣ್ಣಿಗೇ ಕಾಣುವಷ್ಟು ದಪ್ಪ! ಇದಕ್ಕೆ ಏನು ಹೇಳೋಣ? ಆ ಶೂಗಳನ್ನು ಪಕ್ಕಕ್ಕಿಟ್ಟು, ಹಳೆಯವಕ್ಕೇ ಹೊಸ ಲೈನಿಂಗ್ ಹಾಕಿಸಿ ಡ್ರಮ್ ಅಳತೆಗೆ ಗ್ರೈಂಡ್ ಮಾಡಿಸಿದೆ. ಈಗ ಬ್ರೇಕ್ ಒತ್ತಿದರೆ ಗಾಡಿ ನೇರವಾಗಿ ನಿಲ್ಲುತ್ತದೆ.

ಜೊತೆಗೆ ಬಂದ ಚೀಟಿಯಲ್ಲಿ ಡ್ರಮ್ ಧೂಳನ್ನು ಗಾಳಿ ಹೊಡೆದು ತೆಗೆಯಿರಿ ಅಂತ ಇದೆ. ಈ ಕಾಲದ ಕಾರುಗಳ ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳು ಉಸಿರಿನಲ್ಲಿ ಒಳಗೆ ಹೋದರೆ ಅಪಾಯ, ಗಾಳಿ ಹೊಡೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು.

ಸಿಲಿಂಡರ್, ಹೋಸ್ ಬಗ್ಗೆ ದೂರಿಲ್ಲ. ಸೋರಿಕೆ ಇಲ್ಲ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದ ಮೇಲೆ ಪೆಡಲ್ ಗಟ್ಟಿಯಾಯಿತು. ನಾನಾದರೆ ಮುಂದಿನ ಸಲ ಬೇರಿಂಗ್, ಸೀಲ್, ಸಿಲಿಂಡರ್ ಬಿಡಿಯಾಗಿ ತರಿಸುತ್ತೇನೆ. ಅಂದಹಾಗೆ, ಶೂಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ, ಹೆಚ್ಚಾಗಿ ತುಕ್ಕು ಹಿಡಿದು ಕೂರುವ ಅಡ್ಜಸ್ಟರ್ ಸ್ಕ್ರೂಗಳೇ ಈ ಡಬ್ಬದಲ್ಲಿಲ್ಲ. ಆರ್ಡರ್ ಮಾಡುವ ಮೊದಲು ನಿಮ್ಮವು ತಿರುಗುತ್ತವಾ ನೋಡಿಕೊಳ್ಳಿ.