ಬ್ಯಾಂಕಾಕ್‌ನಿಂದ ಸಿಂಗಪುರಕ್ಕೆ: ರೈಲು, ಬಸ್ಸು, ವಿಮಾನಗಳ ಹೋಲಿಕೆ

ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರಗಳನ್ನು ಒಂದೇ ಪ್ರವಾಸದಲ್ಲಿ ನೋಡಿ ಬರಬೇಕೆನ್ನುವವರು ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹಾರಿ ಸಿಂಗಪುರದಿಂದ ಮರಳುವಂತೆ ಟಿಕೆಟ್ ಕಾಯ್ದಿರಿಸುವುದು ರೂಢಿ. ಖರ್ಚು ಉಳಿಯುವುದೂ ಸೋರುವುದೂ ನಡುವಿನ ದಾರಿಯಲ್ಲಿ. ಆ ದಾರಿಯನ್ನು ನಾನು ಬೇರೆ ಬೇರೆ ಸಲ ರೈಲು, ಬಸ್ಸು, ಅಗ್ಗದ ವಿಮಾನ ಮೂರರಲ್ಲಿಯೂ ಕ್ರಮಿಸಿದ್ದೇನೆ. ಇಡೀ ದಾರಿಗೆ ಒಂದೇ ವಾಹನವನ್ನು ಆರಿಸಿಕೊಳ್ಳುವುದು ಜಾಣತನವಲ್ಲ, ಪ್ರತಿ ಹಂತಕ್ಕೂ ಲೆಕ್ಕ ಬೇರೆ ಎಂಬುದು ನನ್ನ ಅಭಿಪ್ರಾಯ.

ಮೊದಲು ವಿಮಾನ. ಪರದೆಯ ಮೇಲೆ ಕಾಣುವ ದರ ನೋಡಿದರೆ ಬ್ಯಾಂಕಾಕ್–ಕ್ವಾಲಾಲಂಪುರ ವಿಮಾನಕ್ಕೆ ರೈಲು ಸಾಟಿಯೇ ಅಲ್ಲ ಅನ್ನಿಸುತ್ತದೆ. ಆದರೆ ಆ ದರ 7 ಕೆ.ಜಿ. ಕೈಚೀಲದೊಂದಿಗೆ ಹೋಗುವವರದು, ಲಗೇಜನ್ನು ಒಪ್ಪಿಸಬೇಕಾದರೆ ಅದಕ್ಕೆ ಬೇರೆಯೇ ಶುಲ್ಕ ತೆರಬೇಕು, ಅದೂ ಕೌಂಟರಿನಲ್ಲಿ ಕಟ್ಟಿದರೆ ಮುಂಗಡವಾಗಿ ಕಟ್ಟುವುದಕ್ಕಿಂತ ಬಹಳ ಹೆಚ್ಚು. ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿದ್ದು, ಅಗ್ಗದ ವಿಮಾನಗಳು ಹೆಚ್ಚಾಗಿ ಹೊರಡುವುದು ಡಾನ್ ಮುವಾಂಗ್‌ನಿಂದ. ಸುವರ್ಣಭೂಮಿಗೆ ಬಂದಿಳಿದವರು ಅದೇ ದಿನ ಮುಂದಿನ ವಿಮಾನ ಹಿಡಿಯುವುದಾದರೆ ಊರನ್ನು ದಾಟಿ ಅಲ್ಲಿಗೆ ಹೋಗಬೇಕಾಗುತ್ತದೆ. ಕ್ವಾಲಾಲಂಪುರದ ವಿಮಾನ ನಿಲ್ದಾಣವಾದರೋ ಊರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ, ಅಲ್ಲಿಂದ ವೇಗದ ರೈಲಿಗೆ 55 ರಿಂಗಿಟ್ (ಮಲೇಷ್ಯಾದ ನಾಣ್ಯ) ಕೊಡುವ ಬದಲು ಬಸ್ಸಿಗೆ ಹೋದರೆ ಅದರ ಮೂರನೆಯ ಒಂದು ಭಾಗದಷ್ಟರಲ್ಲಿ ಊರು ಸೇರಬಹುದು. ಎರಡು ಗಂಟೆಯ ಹಾರಾಟ ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದಾಗ ಅರ್ಧ ದಿನಕ್ಕಿಂತ ಹೆಚ್ಚು ತಿನ್ನುತ್ತದೆ. ರಜೆ ಕಡಿಮೆಯಿದ್ದು, ನಡುವಿನ ಊರುಗಳಲ್ಲಿ ಆಸಕ್ತಿಯಿಲ್ಲದೆ, ಬೆನ್ನ ಮೇಲೆ ಸಣ್ಣ ಚೀಲವಷ್ಟೇ ಇರುವವರಿಗೆ ಮಾತ್ರ ಇದನ್ನು ಸೂಚಿಸುತ್ತೇನೆ.

ರೈಲಿನ ದಾರಿ ಹೆಚ್ಚು ಹೊತ್ತಿನದು, ಆದರೆ ಅದರಲ್ಲಿ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ. ಬ್ಯಾಂಕಾಕ್‌ನ ದೂರಪ್ರಯಾಣದ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೊಂಗ್ ಬಿಟ್ಟು ಕ್ರುಂಗ್ ಥೆಪ್ ಅಫಿವಾಟ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಪ್ರವಾಸ ಪುಸ್ತಕ ಹಿಡಿದು ಹೋಗುವವರು ಇದನ್ನು ಗಮನಿಸಬೇಕು. 45ನೆಯ ಸಂಖ್ಯೆಯ ರೈಲು ಮಧ್ಯಾಹ್ನ ನಾಲ್ಕರ ಆಸುಪಾಸಿಗೆ ಹೊರಟು ಮರುದಿನ ಬೆಳಿಗ್ಗೆ ಗಡಿಯ ಪಡಾಂಗ್ ಬೆಸಾರ್ ತಲುಪುತ್ತದೆ. ಹೆಚ್ಚಿನ ಬೋಗಿಗಳು ಗಡಿಗೆ ಮುಂಚಿನ ಥಾಯ್ ಊರಾದ ಹಾಟ್ ಯಾಯ್‌ನಲ್ಲಿಯೇ ಕಳಚಿಕೊಳ್ಳುವುದರಿಂದ ಗಡಿಯವರೆಗಿನ ಸ್ಥಳಗಳು ಕಡಿಮೆ, ಆದ್ದರಿಂದ ಬೇಗ ಕಾಯ್ದಿರಿಸಬೇಕು. ಎರಡನೆಯ ದರ್ಜೆಯ ಮಲಗುವ ಬೋಗಿಯಲ್ಲಿ ಹಾಸಿಗೆಗಳು ಎರಡೂ ಬದಿಯಲ್ಲಿ ನಮ್ಮ ಸೈಡ್ ಬರ್ತ್‌ಗಳ ಹಾಗೆ ಓಡಾಡುವ ಹಾದಿಯ ಉದ್ದಕ್ಕೇ ಇರುತ್ತವೆ. ಸಂಜೆಯಾಗುತ್ತಲೇ ಸಿಬ್ಬಂದಿಯೊಬ್ಬರು ಬಂದು ಎದುರುಬದುರಿನ ಎರಡು ಆಸನಗಳನ್ನು ಎಳೆದು ಜೋಡಿಸಿ, ಮೇಲಿನದನ್ನು ಕೆಳಗಿಳಿಸಿ, ಬಿಳಿ ಹೊದಿಕೆ ಹಾಸಿ, ಪರದೆ ಕಟ್ಟಿ ಹೋಗುತ್ತಾರೆ. ಕೆಳಗಿನ ಬರ್ತು ಅಗಲವಾಗಿದ್ದು ಸ್ವಲ್ಪ ದುಬಾರಿ. ಆ ಹೆಚ್ಚಿನ ಹಣ ಕೊಡುವುದೇ ಸರಿ, ಏಕೆಂದರೆ ಮೇಲಿನ ಬರ್ತಿಗೆ ಕಿಟಕಿಯಿಲ್ಲ, ದೀಪದ ಬೆಳಕು ಮಾತ್ರ ರಾತ್ರಿಯಿಡೀ ಮುಖಕ್ಕೆ ಹೊಡೆಯುತ್ತದೆ.

ಸಸ್ಯಾಹಾರಿಗಳು ರೈಲಿನ ಊಟವನ್ನು ನಂಬದೆ ಬ್ಯಾಂಕಾಕ್‌ನಲ್ಲಿಯೇ ಕಟ್ಟಿಸಿಕೊಂಡು ಹತ್ತುವುದು ಒಳ್ಳೆಯದು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ 'ಜೇ' ಗುರುತಿರುವ ಅಂಗಡಿಗಳಲ್ಲಿ ಮೀನಿನ ಸಾರವೂ ಇಲ್ಲದ ಅಡುಗೆ ಸಿಗುತ್ತದೆ. ಬೆಳ್ಳುಳ್ಳಿ, ಈರುಳ್ಳಿಗಳನ್ನೂ ಅವರು ಬಳಸುವುದಿಲ್ಲ.

ಪಡಾಂಗ್ ಬೆಸಾರ್‌ನಲ್ಲಿ ಎರಡೂ ದೇಶಗಳ ಇಮಿಗ್ರೇಷನ್ ಒಂದೇ ನಿಲ್ದಾಣದೊಳಗಿದೆ. ಚೀಲ ಹೊತ್ತು ಕೆಲವೇ ಹೆಜ್ಜೆ ನಡೆದು ಎರಡು ಮುದ್ರೆ ಒತ್ತಿಸಿಕೊಂಡು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರೆ ಮಲೇಷ್ಯಾ. ಅಲ್ಲಿಂದ ಇಟಿಎಸ್ ವಿದ್ಯುತ್ ರೈಲಿನಲ್ಲಿ ಕ್ವಾಲಾಲಂಪುರಕ್ಕೆ ಐದೂವರೆ ಗಂಟೆಯ ಸುಮಾರಿನ ಪ್ರಯಾಣ. ಆದರೆ ಕಮ್ಯೂಟರ್ ರೈಲಿನಲ್ಲಿ ಬಟರ್‌ವರ್ತ್‌ಗೆ ಹೋಗಿ, ದೋಣಿಯಲ್ಲಿ ಪೆನಾಂಗ್ ದ್ವೀಪದ ಜಾರ್ಜ್ ಟೌನ್‌ಗೆ ದಾಟಿ ಎರಡು ದಿನ ನಿಲ್ಲುವುದು ಅಗ್ಗವೂ ಹೌದು, ಇಡ್ಲಿ ದೋಸೆ ಸಿಗುವ ಊರೂ ಹೌದು.

ಇದೇ ಹಂತಕ್ಕೆ ಬಸ್ಸೂ ಇದೆ. ಹಾಟ್ ಯಾಯ್‌ನಿಂದ ಪೆನಾಂಗ್‌ಗೆ ಮಿನಿವ್ಯಾನುಗಳು ಓಡುತ್ತವೆ. ದರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಹೊರಡುವ ಹೊತ್ತು ಮಾತ್ರ ವ್ಯಾನು ತುಂಬುವುದರ ಮೇಲೆ ನಿಂತಿರುತ್ತದೆ. ನಾನು ಹತ್ತಿದ ವ್ಯಾನಿನಲ್ಲಿ ಮೊಣಕಾಲು ಚಾಚಲೂ ಜಾಗವಿರಲಿಲ್ಲ. ಇಲ್ಲಿ ರೈಲೇ ಮೇಲು.

ಕ್ವಾಲಾಲಂಪುರ–ಸಿಂಗಪುರ ಹಂತದಲ್ಲಿ ಮಾತ್ರ ತಕ್ಕಡಿ ಬಸ್ಸಿನ ಕಡೆ ವಾಲುತ್ತದೆ. ಬೆಂಗಳೂರು–ಮಂಗಳೂರಿನಷ್ಟೇ ದೂರ, ಹೆದ್ದಾರಿ ನೇರ, ಒಂದು ಸಾಲಿಗೆ ಮೂರೇ ಆಸನಗಳಿರುವ ಬಸ್ಸುಗಳು. ಗಡಿ ಸಲೀಸಾಗಿದ್ದರೆ ಐದಾರು ಗಂಟೆ. ಎರಡೂ ಕಡೆಯ ಇಮಿಗ್ರೇಷನ್‌ನಲ್ಲಿ ಇಳಿಯಬೇಕು, ಸಿಂಗಪುರದ ಕಡೆಯಲ್ಲಿ ಲಗೇಜು ಸಮೇತ. ಬಸ್ಸು ಎಲ್ಲರಿಗಾಗಿ ಅನಿರ್ದಿಷ್ಟವಾಗಿ ಕಾಯುವುದಿಲ್ಲವಾದ್ದರಿಂದ ಇಳಿಯುವಾಗ ಬಸ್ಸಿನ ಸಂಖ್ಯೆಯ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಳ್ಳುವುದು ಮೇಲು. ಗಡಿಯ ಮಲೇಷ್ಯಾ ಬದಿಯ ಊರಾದ ಜೋಹೋರ್ ಬಾರುವಿನಲ್ಲಿಯೇ ಇಳಿದು ಟೆಬ್ರಾವ್ ಶಟಲ್ ರೈಲಿನಲ್ಲಿ ಐದೇ ನಿಮಿಷದಲ್ಲಿ ಜಲಸಂಧಿ ದಾಟಬಹುದು, ಆದರೆ ಅದರ ಟಿಕೆಟ್‌ಗಳು ಬಹುಬೇಗ ಮುಗಿಯುತ್ತವೆ. ಇದರ ದರದಲ್ಲಿ ಒಂದು ಸ್ವಾರಸ್ಯವಿದೆ: ಮಲೇಷ್ಯಾ ಕಡೆಯಿಂದ ಹತ್ತಿದರೆ 5 ರಿಂಗಿಟ್, ಸಿಂಗಪುರದ ಕಡೆಯಿಂದ ಹತ್ತಿದರೆ 5 ಸಿಂಗಪುರ ಡಾಲರ್; ಒಂದು ಡಾಲರಿಗೆ ಮೂರು ರಿಂಗಿಟ್‌ಗೂ ಹೆಚ್ಚು. ದೂರದ ಬಸ್ಸುಗಳ ದರದಲ್ಲಿಯೂ ಸಿಂಗಪುರದಿಂದ ಹೊರಡುವುದು ದುಬಾರಿಯೇ. ಹಾಗಾಗಿ ಪ್ರವಾಸವನ್ನು ಬ್ಯಾಂಕಾಕ್‌ನಿಂದ ಆರಂಭಿಸಿ ದಕ್ಷಿಣಕ್ಕೆ ಬರುವುದೇ ಜೇಬಿಗೆ ಹಿತ.

ಕಾಗದಪತ್ರಗಳ ವಿಚಾರದಲ್ಲಿ ಮೂರೂ ದೇಶಗಳು ಒಂದೇ ಅಲ್ಲ. ಮಲೇಷ್ಯಾ ಭಾರತೀಯರಿಗೆ 2026ರ ಡಿಸೆಂಬರ್ 31ರವರೆಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟಿದೆ. ಥಾಯ್ಲೆಂಡ್‌ನ ವಿನಾಯಿತಿಯ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ರಾಯಭಾರ ಕಚೇರಿಯ ತಾಣ ನೋಡಬೇಕು. ಸಿಂಗಪುರಕ್ಕೆ ವೀಸಾ ಬೇಕೇ ಬೇಕು, ಅದನ್ನು ಅಧಿಕೃತ ಏಜೆಂಟರ ಮೂಲಕ ಊರಿನಲ್ಲಿಯೇ ಮಾಡಿಸಿಕೊಂಡು ಹೊರಡಬೇಕು. ಇವಲ್ಲದೆ ಮೂರೂ ದೇಶಗಳಿಗೆ ತಲುಪುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್ ಆಗಮನ ಪತ್ರ ತುಂಬಬೇಕು. ಮೂರೂ ಉಚಿತ, ಹಣ ಕೇಳುವ ತಾಣ ಸರ್ಕಾರದ್ದಲ್ಲ.

ಕೊನೆಯದಾಗಿ, ಸಿಂಗಪುರದ ಕೋಣೆ ಬಾಡಿಗೆಗೆ ಹೆದರಿ ಜೋಹೋರ್ ಬಾರುವಿನಲ್ಲಿ ತಂಗಿ ದಿನವೂ ಗಡಿ ದಾಟುವ ಉಪಾಯವನ್ನೂ ಪ್ರಯತ್ನಿಸಿ ನೋಡಿದೆ. ಬಾಡಿಗೆ ನಿಜಕ್ಕೂ ಬಹಳ ಕಡಿಮೆ, ಊಟವೂ ಅಗ್ಗ. ಆದರೆ ಜಲಸಂಧಿ ದಾಟಿಸುವ ಒಂದು ಕಿ.ಮೀ. ಉದ್ದದ ಸೇತುರಸ್ತೆಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಸಾಲು, ಸಂಜೆ ಮರಳುವವರ ಸಾಲು, ವಾರಾಂತ್ಯದಲ್ಲಿ ಇನ್ನೂ ಉದ್ದದ ಸಾಲು. ಪ್ರತಿ ಸಲ ದಾಟುವಾಗಲೂ ಹೊಸ ಆಗಮನ ಪತ್ರ, ಜೊತೆಗೆ ವೀಸಾ ಅನೇಕ ಪ್ರವೇಶಗಳಿಗೆ ಅವಕಾಶ ಕೊಡುವಂಥದ್ದೇ ಆಗಿರಬೇಕು. ಒಬ್ಬರೇ ಹೋಗುವವರು ಸಿಂಗಪುರದ ಲಿಟಲ್ ಇಂಡಿಯಾದ ಹಾಸ್ಟೆಲಿನಲ್ಲಿ ಒಂದು ಹಾಸಿಗೆ ಹಿಡಿಯುವುದು ಲೇಸು. ನಾಲ್ಕೈದು ಮಂದಿಯ ಕುಟುಂಬವಾಗಿದ್ದು, ಸಿಂಗಪುರವನ್ನು ವಾರದ ನಡುವಿನ ಒಂದೇ ದಿನದಲ್ಲಿ ನೋಡಿ ಮುಗಿಸುವುದಾದರೆ ಜೋಹೋರ್ ಬಾರುವಿನ ವಾಸ ಲಾಭದ್ದೇ.